ಮಕ್ಕಳ ಸಂಗೀತ ಸ್ಪರ್ಧೆ ನಿಲ್ಸಿ ಆ ದುಡ್ಡಲ್ಲಿ ಹುಡುಗರ ಕಛೇರಿ ಮಾಡ್ಸಿದ್ರೆ ಹೇಗೆ? ನಿಮ್ಮ ಅಭಿಪ್ರಾಯ ಬೇಕು

ತೀರ್ಥಹಳ್ಳಿ ರಸಿಕ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ ಪ್ರತಿ ವರ್ಷ ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಮಾಡ್ತೀವಿ. ಬೆಳಿಗ್ಗೆ ನಗರ ಸಂಕೀರ್ತನೆ, ಆಮೇಲೆ ಮಕ್ಕಳ ಶಾಸ್ತ್ರೀಯ ಸಂಗೀತ ಸ್ಪರ್ಧೆ, ಮಧ್ಯಾಹ್ನ ಊಟ, ಸಂಜೆ ಹೊರಗಿಂದ ಕರೆಸಿದ ವಿದ್ವಾಂಸರ ಕಛೇರಿ. ಸ್ಪರ್ಧೆಗೆ ಜನ ತುಂಬಿ ತುಳುಕ್ತಾರೆ. ಕೊಪ್ಪ, ಶೃಂಗೇರಿ, ಹೊಸನಗರ, ಶಿವಮೊಗ್ಗ ಎಲ್ಲ ಕಡೆಯಿಂದ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಫಲಿತಾಂಶ ಹೇಳಿದ ತಕ್ಷಣ ಸಭಾಂಗಣ ಖಾಲಿ. ಸಂಜೆ ಕಛೇರಿಗೆ ಕೂರೋದು ಸಮಿತಿಯವರು, ಒಂದಷ್ಟು ಹಿರಿಯರು, ಅಡುಗೆ ಮುಗಿಸಿ ಬಂದವರು. ಬೆಳಿಗ್ಗೆ ಹಾಡಿದ ಮಕ್ಕಳು ಒಬ್ಬರೂ ಇರಲ್ಲ. ವರ್ಷಾ ವರ್ಷಾ ಇದನ್ನ ನೋಡಿ ಹೊಟ್ಟೆ ಉರಿಯುತ್ತೆ.

ಸ್ಪರ್ಧೆಯಲ್ಲಾದರೂ ಏನು ನಡೆಯುತ್ತೆ? ಐದು ನಿಮಿಷ, ಒಂದು ಕೃತಿ, ಪಕ್ಕದಲ್ಲಿ ಶ್ರುತಿಪೆಟ್ಟಿಗೆ. ಪಿಟೀಲಿಲ್ಲ, ಮೃದಂಗ ಇಲ್ಲ. ಅದೇ ನಾಲ್ಕೈದು ಕೃತಿಗಳು ಸುತ್ತಿ ಸುತ್ತಿ ಬರ್ತವೆ. ಏಳನೇ ಕ್ಲಾಸಲ್ಲಿ ಮೊದಲ ಬಹುಮಾನ ತಗೊಂಡ ಮಗು ಎಸ್ಸೆಸ್ಸೆಲ್ಸಿ ಹೊತ್ತಿಗೆ ಹಾಡೋದನ್ನೇ ಬಿಟ್ಟಿರುತ್ತೆ.

ಅದಕ್ಕೆ ನಾನು ಸಮಿತಿ ಮುಂದೆ ಒಂದು ಮಾತು ಇಟ್ಟೆ. ಫಲಕ, ಪದಕ, ಫ್ಲೆಕ್ಸ್, ತೀರ್ಪುಗಾರರ ಓಡಾಟ ಇಷ್ಟಕ್ಕೆ ಆಗೋ ಖರ್ಚಲ್ಲಿ ಒಬ್ಬ ಪಿಟೀಲಿನವರು, ಒಬ್ಬ ಮೃದಂಗದವರನ್ನ ಇಡೀ ದಿನಕ್ಕೆ ಕರೆಸಬಹುದು. ನಮ್ಮ ಸೀಮೆಯದೇ ನಾಲ್ಕು ಹುಡುಗ ಹುಡುಗಿಯರಿಗೆ ತಲಾ ಮುಕ್ಕಾಲು ಗಂಟೆ ಪಕ್ಕವಾದ್ಯದ ಜೊತೆ ಪೂರಾ ಕಛೇರಿ ಕೊಡೋಣ. ಸಮಿತಿಯಲ್ಲಿ ಅರ್ಧ ಜನ ಒಪ್ಪಿದ್ರು. ಉಳಿದವರು "ಬಹುಮಾನ ಇಲ್ಲ ಅಂದ್ರೆ ಯಾರೂ ಬರಲ್ಲ" ಅಂತಾರೆ. ನೀವೇನಂತೀರಿ?

ಹೊಸನಗರ ಮಳೆ:
ಮಾಡಿ ಮಾರಾಯ್ರೇ. ಇದನ್ನ ಕೇಳ್ಬೇಕಾ.

ಶಿವಮೊಗ್ಗದ ಅಮ್ಮ:
ನಾನು ಒಪ್ಪಲ್ಲ. ನೀವು ಸಮಿತಿಯಲ್ಲಿ ಕೂತು ನೋಡ್ತೀರಿ, ನಾವು ಮನೆಯಲ್ಲಿ ನೋಡ್ತೀವಿ. ಸ್ಪರ್ಧೆ ತಾರೀಕು ಕ್ಯಾಲೆಂಡರ್ ಮೇಲಿದ್ರೆ ಮಾತ್ರ ನನ್ನ ಮಗಳು ಬೆಳಿಗ್ಗೆ ಎದ್ದು ಸಾಧನೆ ಮಾಡ್ತಾಳೆ. ಶಾಲೆ, ಟ್ಯೂಷನ್, ಹೋಮ್‌ವರ್ಕ್ ಮಧ್ಯೆ "ಸುಮ್ನೆ ಪ್ರಾಕ್ಟೀಸ್ ಮಾಡು" ಅಂದ್ರೆ ಯಾವ ಮಗು ಮಾಡುತ್ತೆ ಹೇಳಿ? ಅವಳಿಗೆ ಸ್ಟೇಜ್ ಭಯ ಹೋಗಿದ್ದೂ ಸ್ಪರ್ಧೆಗಳಿಂದಲೇ. ನಾಲ್ಕು ಮಕ್ಕಳಿಗೆ ಕಛೇರಿ ಕೊಟ್ರೆ ಆ ನಾಲ್ಕು ಮಕ್ಕಳ ಅಪ್ಪ ಅಮ್ಮನಿಗೆ ಖುಷಿ. ಉಳಿದ ಐವತ್ತು ಮಕ್ಕಳು ಎಲ್ಲಿ ಹಾಡ್ಬೇಕು?

ಇನ್ನು ಸಂಜೆ ಕೂರಲ್ಲ ಅಂತ ದೂರ್ತೀರಲ್ಲ, ಕಛೇರಿ ಶುರುವಾಗೋದೇ ಆರೂವರೆಗೆ. ಮುಗಿಸ್ಕೊಂಡು ಮಂಡಗದ್ದೆ ದಾರಿಯಲ್ಲಿ ರಾತ್ರಿ ಶಿವಮೊಗ್ಗಕ್ಕೆ ಬರೋದು ಹೇಗೆ? ಎಲ್ಲರ ಮನೆಯಲ್ಲೂ ಕಾರಿಲ್ಲ.

ಎರಡನೇ ಕಾಲ:
ನಾನು ಮೃದಂಗ ನುಡಿಸೋನು, ಶಿವಮೊಗ್ಗ. ರಸಿಕರು ಹೇಳಿದ್ದು ನೂರಕ್ಕೆ ನೂರು ಸರಿ. ಯಾಕೆ ಅಂತ ಒಂದು ಉದಾಹರಣೆ ಕೊಡ್ತೀನಿ.

ಒಂದು ದೇವಸ್ಥಾನದ ನವರಾತ್ರಿಯಲ್ಲಿ ಒಬ್ಬಳು ಹುಡುಗಿಗೆ ನುಡಿಸಿದೆ. ಸ್ಪರ್ಧೆಗಳಲ್ಲಿ ಹೆಸರು ಮಾಡಿದ ಮಗು. ಕಂಠ ಅಂದ್ರೆ ಕಂಠ, ಶ್ರುತಿ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆದಿತಾಳದ ಕೃತಿ, ಎತ್ತುಗಡೆ ಸಮದಿಂದ ಅರ್ಧ ಅಕ್ಷರ ಬಿಟ್ಟು, ಅಂದ್ರೆ ತಾಳದ ಮೊದಲ ಪೆಟ್ಟಾಗಿ ಅರ್ಧ ಎಣಿಕೆ ಬಿಟ್ಟು ಹಾಡು ಶುರು. ಪಲ್ಲವಿ ಮುಗಿಯೋ ಕಡೆ ನಾನು ಒಂದು ಸಣ್ಣ ಮುಕ್ತಾಯ (ಮುಗಿಸೋ ನುಡಿ) ಕೊಟ್ಟೆ, ಏನೂ ದೊಡ್ಡದಲ್ಲ. ಮಗು ನನ್ನ ಕೈ ನೋಡಿತು, ತಾಳ ಹಾಕೋ ಕೈ ನಿಂತು ಹೋಯ್ತು, ಅನುಪಲ್ಲವಿ ಎತ್ತೋದು ತಪ್ಪಿತು. ಆಮೇಲೆ ನಾನು ಪೂರ್ತಿ ಬರೀ ಸರ್ವಲಘು, ಅಂದ್ರೆ ಸರಳ ನಡೆ, ನುಡಿಸ್ಕೊಂಡು ಹೋದೆ. ತಪ್ಪು ಅವಳದಲ್ಲ. ಅಲ್ಲೀತನಕ ಅವಳು ಬದುಕಿರೋ ಮೃದಂಗದ ಜೊತೆ ಹಾಡೇ ಇರಲಿಲ್ಲ! ಮೊಬೈಲ್ ಆ್ಯಪ್‌ನ ತಾಳಕ್ಕೆ ಹಾಡಿ ಹಾಡಿ ಕಲಿತಿದ್ಲು. ಆ್ಯಪ್ ನಿಮ್ಮ ಮಾತಿಗೆ ಉತ್ತರ ಕೊಡಲ್ಲ, ನಿಮ್ಮನ್ನ ಪ್ರಶ್ನೆನೂ ಕೇಳಲ್ಲ. ತುಂಗೆ ದಡದಲ್ಲಿ ನಿಂತು ಈಜು ಕಲಿತ ಹಾಗೆ ಅದು.

ಕಛೇರಿ ಅಂದ್ರೆ ಮೂರು ಜನ ಒಟ್ಟಿಗೆ ಯೋಚನೆ ಮಾಡೋದು. ಪಿಟೀಲಿನವರು ನಿಮ್ಮ ಆಲಾಪನೆ ಕೇಳಿ ರಾಗದ ಇನ್ನೊಂದು ಸಂಚಾರ ತೋರಿಸ್ತಾರೆ, ಅದು ಕಿವಿಗೆ ಬಿದ್ದು ನಿಮ್ಮ ಕಲ್ಪನಾಸ್ವರ (ಅಲ್ಲೇ ಹೆಣೆದು ಹಾಡೋ ಸ್ವರ) ಬೇರೆ ಕಡೆ ತಿರುಗುತ್ತೆ. ಐದು ನಿಮಿಷದ ಸ್ಪರ್ಧೆಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಶಿವಮೊಗ್ಗದ ಅಮ್ಮ:
> ಅಲ್ಲೀತನಕ ಅವಳು ಬದುಕಿರೋ ಮೃದಂಗದ ಜೊತೆ ಹಾಡೇ ಇರಲಿಲ್ಲ

ಹಾಗಾದ್ರೆ ಸ್ಪರ್ಧೆಗೇ ಮೃದಂಗ ಇಡಿ ಸರ್. ಸ್ಪರ್ಧೆ ಯಾಕೆ ತೆಗೀಬೇಕು?

ಎರಡನೇ ಕಾಲ:
ಐವತ್ತು ಮಕ್ಕಳಿಗೆ ಐವತ್ತು ಶ್ರುತಿ. ಹಾರ್ಮೋನಿಯಂ ಮನೆ ಲೆಕ್ಕದಲ್ಲಿ ಒಬ್ಬರು ಐದು ಮನೆ, ಮುಂದಿನವರು ಆರು, ಆಮೇಲೆ ಒಬ್ಬ ಹುಡುಗ ಎರಡು. ಪ್ರತಿ ಮಗುವಿಗೂ ಮೃದಂಗ ಶ್ರುತಿ ಮಾಡ್ತಾ ಕೂತ್ರೆ ಸಂಜೆಯಾಗುತ್ತೆ ಅಮ್ಮಾ. ಮೂರು ನಾಲ್ಕು ವಾದ್ಯ ಇಟ್ಕೊಂಡ್ರೂ ಕಷ್ಟ. ಅಂತಿಮ ಸುತ್ತಿಗೆ ಐದಾರು ಜನರನ್ನ ಉಳಿಸ್ಕೊಂಡು ಅವರಿಗೆ ಮಾತ್ರ ಪಕ್ಕವಾದ್ಯ ಇಡಬಹುದು, ಅದು ಸಾಧ್ಯ.

ಸಾಗರದ ತಂಬೂರಿ:
ನಮ್ಮ ಕಡೆ ಹಿಂದೂಸ್ತಾನಿ ಜಾಸ್ತಿ. ಐದು ನಿಮಿಷದಲ್ಲಿ ಖಯಾಲ್ ಹಾಡು ಅಂದ್ರೆ ಏನರ್ಥ? ನಿಧಾನದ ವಿಲಂಬಿತ ಏಕತಾಲದ ಒಂದು ಆವರ್ತನಕ್ಕೇ (ತಾಳದ ಒಂದು ಸುತ್ತಿಗೇ) ಮುಕ್ಕಾಲು ನಿಮಿಷ ಹೋಗುತ್ತೆ. ರಾಗ ಬಾಯಿ ಬಿಡೋಕೆ ಮುಂಚೆ ಗಂಟೆ ಹೊಡೀತಾರೆ. ಅದಕ್ಕೆ ಮಕ್ಕಳೆಲ್ಲ ವೇಗದ ದ್ರುತ್ ಬಂದಿಶ್ ಹಿಡ್ಕೊಂಡು ತಾನ್ ಹೊಡೆದು ಇಳಿದು ಬರ್ತಾರೆ. ಹಾಗೆ ಕಲಿತ ಮಕ್ಕಳಿಗೆ ನಿಧಾನಕ್ಕೆ ಷಡ್ಜದಲ್ಲಿ ನಿಲ್ಲೋ ತಾಳ್ಮೆನೇ ಬರಲ್ಲ.

ನಾನು ಸಂಗೀತ ಕಲಿತಿದ್ದು ಕೇಳಿ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಕುಂದಗೋಳದಲ್ಲಿ ಅವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ಇರುತ್ತೆ ಅಂತ ಅಪ್ಪ ಕರ್ಕೊಂಡು ಹೋಗಿದ್ರು. ನಡುರಾತ್ರಿ ನಿದ್ದೆ ಬಂದು ಚಾಪೆ ಮೇಲೆ ಮಲಗಿಬಿಟ್ಟೆ. ಎಚ್ಚರ ಆದಾಗ ಯಾರೋ ಲಲತ್ ರಾಗ ಹಾಡ್ತಿದ್ರು. ಎರಡು ಮಧ್ಯಮ ಸ್ವರ ಅಕ್ಕಪಕ್ಕ ಬಂದಾಗ ಏನಾಗುತ್ತೆ ಅಂತ ಅವತ್ತು ಗೊತ್ತಾಯ್ತು. ಬೆಳಗಿನ ಜಾವದ ರಾಗ ಬೆಳಗಿನ ಜಾವ ಕೇಳ್ಬೇಕು. ಯಾವ ಸ್ಪರ್ಧೆ ಇದನ್ನ ಕೊಡುತ್ತೆ?

ಬೆಂಗಳೂರಲ್ಲಿರೋ ಮಲೆನಾಡಿಗ:
ಸವಾಯಿ ಗಂಧರ್ವ ಉತ್ಸವ ಪುಣೆಯಲ್ಲಿ ಅಲ್ವಾ? ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ್ದು.

ಸಾಗರದ ತಂಬೂರಿ:
ಪುಣೆದು ಪುಣೆದು. ಕುಂದಗೋಳದಲ್ಲೂ ನಡೆಯುತ್ತೆ. ಅವರು ಹಾಡಿ ಬೆಳೆದ ವಾಡೆ (ದೊಡ್ಡ ಮನೆ) ಅಲ್ಲೇ ಇದೆ.

ಭದ್ರಾವತಿ ಕೇಳುಗ:
ಎಲ್ಲರೂ ಸ್ಪರ್ಧೆ ಅಂದ್ರೆ ಬರೀ ಫಲಕ ಅಂತಿದೀರಿ. ಆಕಾಶವಾಣಿ ಸಂಗೀತ ಸ್ಪರ್ಧೆ ನೆನಪಿದೆಯಾ? 16ರಿಂದ 24 ವರ್ಷದವರಿಗೆ. ಎಷ್ಟೋ ದೊಡ್ಡ ಕಲಾವಿದರ ಪರಿಚಯದಲ್ಲಿ "ಆಕಾಶವಾಣಿ ಸ್ಪರ್ಧೆಯಲ್ಲಿ ಬಹುಮಾನ" ಅಂತ ಇರುತ್ತೆ. ಅದು ಬೇರೆ ಮಟ್ಟ. ಧ್ವನಿಮುದ್ರಣ ಕೇಳಿ ತೂಗ್ತಾರೆ, ಅಲ್ಲಿ ರೇಷ್ಮೆ ಲಂಗ, ಮುಖದ ಹಾವಭಾವ ಲೆಕ್ಕಕ್ಕಿಲ್ಲ. ನಮ್ಮ ಭದ್ರಾವತಿಯಲ್ಲೇ ನಿಲಯ ಇದೆ, 1965ರಿಂದ. ಯುವಜನರ ಕಾರ್ಯಕ್ರಮ ಯುವವಾಣಿಯಲ್ಲಿ ಹಾಡಿ, ಆಮೇಲೆ ಆಡಿಷನ್ ಕೊಟ್ಟು ಬಿ ಗ್ರೇಡ್, ಬಿ-ಹೈ, ಎ ಅಂತ ಮೇಲೆ ಹೋಗಬಹುದು. ಈ ಮೆಟ್ಟಿಲು ಮನೆ ಹತ್ತಿರ ಇದ್ರೂ ನಮ್ಮ ಮಕ್ಕಳಿಗೆ ಹೇಳೋರಿಲ್ಲ. ನಿಮ್ಮ ಆರಾಧನೆಯಲ್ಲಿ ಒಬ್ಬರು ಎದ್ದು ನಿಂತು ಹತ್ತು ನಿಮಿಷ ಇದನ್ನ ವಿವರಿಸಿದ್ರೂ ಪುಣ್ಯ ಬರುತ್ತೆ.

ಹತ್ತರಿಂದ 14 ವರ್ಷದ ಮಕ್ಕಳಿಗೆ ಕೇಂದ್ರದ ಸಾಂಸ್ಕೃತಿಕ ಸಂಸ್ಥೆ ಸಿಸಿಆರ್‌ಟಿಯ ವಿದ್ಯಾರ್ಥಿವೇತನ ಇದೆ. ಅದಕ್ಕೂ ನಮ್ಮ ತಾಲ್ಲೂಕುಗಳಿಂದ ಅರ್ಜಿ ಹಾಕೋರು ಕಡಿಮೆ.

ಶಿವಮೊಗ್ಗದ ಅಮ್ಮ:
ಸಿಸಿಆರ್‌ಟಿ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ಮಗಳಿಗೆ ಈಗ 12. ನೋಡ್ತೀನಿ.

ಗಮಕಪ್ರೇಮಿ:
ಒಂದು ಮಾತು ಸೇರಿಸ್ತೀನಿ. ಶಿವಮೊಗ್ಗದ ಪಕ್ಕದಲ್ಲೇ ಮತ್ತೂರು, ಹೊಸಹಳ್ಳಿ ಇವೆ. ತುಂಗೆಯ ಆ ದಡ ಈ ದಡ. ಗಮಕ, ಅಂದ್ರೆ ಕಾವ್ಯವನ್ನ ರಾಗದಲ್ಲಿ ಓದೋ ಕಲೆಗೆ ಹೆಸರಾದದ್ದು ಆ ಊರುಗಳು. ಹೊಸಹಳ್ಳಿ ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಷ್ಟು ದೊಡ್ಡ ಪರಂಪರೆ ಮನೆ ಬಾಗಿಲಲ್ಲಿ ಇಟ್ಕೊಂಡು ನಮ್ಮ ಸಂಗೀತ ಸ್ಪರ್ಧೆಗಳಲ್ಲಿ ಗಮಕ ಯಾಕಿಲ್ಲ? ಕುಮಾರವ್ಯಾಸನ ಒಂದು ಭಾಮಿನಿ ಷಟ್ಪದಿ ಕೊಟ್ಟು, ಯಾವ ರಾಗದಲ್ಲಿ ಓದ್ತೀಯ, ಯಾಕೆ ಅಂತ ಮಗುವನ್ನ ಕೇಳಿ. ಯುದ್ಧದ ಪದ್ಯಕ್ಕೂ ಶೋಕದ ಪದ್ಯಕ್ಕೂ ರಾಗ ಬದಲಾಯಿಸಬೇಕು, ಪದ ಒಡೆಯೋ ಜಾಗ ಗೊತ್ತಿರಬೇಕು, ಅರ್ಥ ಕೆಡಬಾರದು. ಮನೋಧರ್ಮ (ಆ ಕ್ಷಣಕ್ಕೆ ತಾನೇ ಯೋಚಿಸಿ ಹಾಡೋದು) ಕಲಿಸೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಸಾಹಿತ್ಯ ಅರ್ಥ ಆಗದೆ ಹಾಡೋ ಮಕ್ಕಳು ಪದವನ್ನ ಎಲ್ಲೆಲ್ಲೋ ತುಂಡರಿಸ್ತಾರೆ. ಕನ್ನಡದ್ದೇ ದೇವರನಾಮದಲ್ಲೂ.

ಎರಡನೇ ಕಾಲ:
ಗಮಕ ಒಳ್ಳೇದೇ, ಆದ್ರೆ ಅದಕ್ಕೆ ತಾಳ ಇಲ್ಲ. ಕಛೇರಿ ಸಂಗೀತಕ್ಕೆ ಲಯ ಕಲೀಲೇಬೇಕು. ಎರಡೂ ಬೇರೆ ಬೇರೆ ವಿದ್ಯೆ, ಒಂದರ ಬದಲಿಗೆ ಇನ್ನೊಂದು ಆಗಲ್ಲ.

ಗಮಕಪ್ರೇಮಿ:
ಬದಲಿಗೆ ಅಂತ ನಾನೆಲ್ಲಿ ಹೇಳಿದೆ ಸ್ವಾಮಿ. ಜೊತೆಗೆ ಅಂದೆ. ಷಟ್ಪದಿಗೆ ತಾಳ ಹಾಕಲ್ಲ ಸರಿ, ಆದ್ರೆ ಮೂರು ನಾಲ್ಕರ ಮಾತ್ರೆ ಗಣ ಒಳಗೇ ನಡೀತಿರುತ್ತೆ. ಭಾಮಿನಿ ಚೆನ್ನಾಗಿ ಓದೋ ಮಗುವಿಗೆ ಏಳು ಎಣಿಕೆಯ ಮಿಶ್ರಛಾಪು ತಾಳ ಹಿಡಿಸಿ ನೋಡಿ, ಬೇಗ ಕೂರುತ್ತೆ.

ಎರಡನೇ ಕಾಲ:
ಹಾಂ, ಅದು ನಿಜ. ಮೂರು ನಾಲ್ಕು ಅಲ್ವಾ.

ಹೊಸನಗರ ಮಳೆ:
ಪುರಂದರದಾಸರು ನಿಮ್ಮ ತೀರ್ಥಹಳ್ಳಿಯವರೇ ಅಂತಾರಲ್ಲ, ಹೌದಾ?

ಬೆಂಗಳೂರಲ್ಲಿರೋ ಮಲೆನಾಡಿಗ:
ನಾವು ಶಾಲೆಯಲ್ಲಿ ಓದಿದ್ದು ಪುಣೆ ಹತ್ತಿರದ ಪುರಂದರಗಡ.

ತೀರ್ಥಹಳ್ಳಿ ರಸಿಕ:
ಸರ್ಕಾರ ತಜ್ಞರ ಸಮಿತಿ ಮಾಡಿತ್ತು. ಅವರು ನಮ್ಮ ತಾಲ್ಲೂಕಿನ ಆರಗದ ಬಳಿಯ ಕ್ಷೇಮಪುರವೇ ಜನ್ಮಸ್ಥಳ ಅಂತ ವರದಿ ಕೊಟ್ಟಿದ್ದಾರೆ. ಆರಗ ವಿಜಯನಗರದ ಕಾಲದಲ್ಲಿ ದೊಡ್ಡ ವ್ಯಾಪಾರದ ಊರು, ದಾಸರ ಚಿನಿವಾರ (ಚಿನ್ನದ ವ್ಯಾಪಾರದ) ಮನೆತನ ಅಲ್ಲಿತ್ತು ಅನ್ನೋದಕ್ಕೆ ಜಾಗ ಹೊಂದುತ್ತೆ. ವಾದ ಮುಂದುವರಿಸೋರು ಇದ್ದೇ ಇರ್ತಾರೆ. ನನಗೆ ಮುಖ್ಯ ಅನ್ಸೋದು, ಇವತ್ತು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ (ಸಂಗೀತದ ಮೊದಲ ಪಾಠ) ಹೇಳಿಕೊಡೋ ಕ್ರಮ ದಾಸರಿಂದ ಬಂದಿದ್ದು ಅಂತ ಇಡೀ ದಕ್ಷಿಣ ಭಾರತ ಒಪ್ಪುತ್ತೆ. ಆ ಊರಿನ ಪಕ್ಕದ ಮಕ್ಕಳಿಗೆ ಸರಳೆ ಹೇಳಿಕೊಡೋಕೆ ಊರಲ್ಲಿ ಗುರುಗಳಿಲ್ಲ, ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಇಲ್ಲ. ಇದು ನಮ್ಮ ಪರಿಸ್ಥಿತಿ.

ಕೊಪ್ಪದ ಮೇಷ್ಟ್ರು:
ರಸಿಕರ ಕೊನೇ ಮಾತಿಗೆ ಬರ್ತೀನಿ. ನಾನು ಸರ್ಕಾರಿ ಶಾಲೆ ಮೇಷ್ಟ್ರು. ನೀವೆಲ್ಲ ಸ್ಪರ್ಧೆಯೋ ಕಛೇರಿಯೋ ಅಂತ ಜಗಳ ಆಡ್ತಿದೀರಿ, ಎರಡಕ್ಕೂ ಬರೋದು ಫೀಸು ಕೊಟ್ಟು ಪಾಠಕ್ಕೆ ಹೋಗೋ ಮಕ್ಕಳೇ. ನಮ್ಮ ಶಾಲೆಯಲ್ಲಿ ಪ್ರತಿಭಾ ಕಾರಂಜಿ ಬಂದಾಗ "ಯಾರು ಹಾಡ್ತೀರಿ" ಅಂದ್ರೆ ಕೈ ಎತ್ತೋ ಮಕ್ಕಳು ತುಂಬಾ. ತೋಟದ ಕೆಲಸದವರ ಮಗಳು ಒಬ್ಬಳಿದ್ಲು. ಭಾವಗೀತೆಯನ್ನ ಮೊಬೈಲಲ್ಲಿ ಕೇಳಿ ಕೇಳಿ ಕಲಿತಿದ್ಲು, ಎಲ್ಲೂ ಅಪಶ್ರುತಿ ಇಲ್ಲ. ಕ್ಲಸ್ಟರ್ ಮಟ್ಟದಲ್ಲಿ ಗೆದ್ದಳು, ತಾಲ್ಲೂಕಿನಲ್ಲಿ "ಶಾಸ್ತ್ರೀಯ ಅಡಿಪಾಯ ಇಲ್ಲ" ಅಂತ ಬಿಟ್ಟರು. ಅಡಿಪಾಯ ಹಾಕೋರು ಯಾರು? ಆಮೇಲೆ ಅವಳು ಹಾಡಲೇ ಇಲ್ಲ.

ನಿಮ್ಮ ಸಮಿತಿಗೆ ನನ್ನ ಬೇಡಿಕೆ ಇಷ್ಟೇ. ಜೂನ್‌ನಿಂದ ಡಿಸೆಂಬರ್‌ವರೆಗೆ ವಾರಕ್ಕೊಂದು ದಿನ ಯಾರಾದ್ರೂ ಒಬ್ಬ ಟೀಚರ್ ಎರಡು ಸರ್ಕಾರಿ ಶಾಲೆಗೆ ಹೋಗಿ ದೇವರನಾಮ ಹೇಳಿಕೊಡಲಿ. ಆರಾಧನೆ ದಿನ ನಗರ ಸಂಕೀರ್ತನೆಯಲ್ಲಿ ಆ ಮಕ್ಕಳು ಗುಂಪಾಗಿ ಹಾಡಲಿ. ಆಗ ಅವರ ಅಪ್ಪ ಅಮ್ಮನೂ ಬರ್ತಾರೆ. ಈಗ ನಿಮ್ಮ ಉತ್ಸವಕ್ಕೆ ಬರೋದು ಯಾವ ಯಾವ ಬೀದಿಯವರು ಅಂತ ಒಂದು ಸಲ ನೋಡ್ಕೊಳ್ಳಿ.

1977ರಲ್ಲಿ ದೆಹಲಿ ಐಐಟಿಯಲ್ಲಿ ಶುರುವಾದ ಸ್ಪಿಕ್ ಮೆಕೆ ಸಂಸ್ಥೆ ಕೆಲಸ ಕೇಳಿರ್ತೀರಿ. ದೊಡ್ಡ ಕಲಾವಿದರನ್ನ ಶಾಲೆ ಕಾಲೇಜಿಗೇ ಕರ್ಕೊಂಡು ಹೋಗ್ತಾರೆ, ಟಿಕೆಟ್ ಇಲ್ಲ. ಸಂಗೀತ ಮಕ್ಕಳ ಹತ್ತಿರ ಹೋಗಬೇಕು ಅನ್ನೋದೇ ಅದರ ಸೂತ್ರ.

ಶಿವಮೊಗ್ಗದ ಅಮ್ಮ:
ಮೇಷ್ಟ್ರೇ, ಆ ಹುಡುಗಿ ಈಗ ಎಲ್ಲಿದ್ದಾಳೆ? ಓದ್ತಿದ್ದಾಳಾ?

ಕೊಪ್ಪದ ಮೇಷ್ಟ್ರು:
ಓದ್ತಿದ್ದಾಳೆ, ಹಾಸ್ಟೆಲಲ್ಲಿ. ಪಾಠ ಹೇಳಿಕೊಡೋರು ಸಿಕ್ರೆ ಈಗಲೂ ತಡವಾಗಿಲ್ಲ.

ಓಲಗದ ಮನೆ:
ನಮ್ಮದು ದೇವಸ್ಥಾನದಲ್ಲಿ ನಾಗಸ್ವರ, ಡೋಲು ನುಡಿಸೋ ಮನೆತನ. ಇಷ್ಟು ಹೊತ್ತು ಓದ್ತಿದ್ದೆ, ಯಾರೂ ನಮ್ಮ ವಾದ್ಯದ ಹೆಸರೇ ಎತ್ತಲಿಲ್ಲ ಅಂತ ಬರೀತಿದೀನಿ.

ಉತ್ಸವಮೂರ್ತಿ ಮುಂದೆ, ಮದುವೆ ಮಂಟಪದಲ್ಲಿ, ರಥದ ಮುಂದೆ ಗಂಟೆಗಟ್ಟಲೆ ರಾಗ ನುಡಿಸೋರು ನಾವು. ಒಂದೇ ತೋಡಿ ರಾಗವನ್ನ ರಥ ಬೀದಿಯ ಈ ತುದಿಯಿಂದ ಆ ತುದಿವರೆಗೆ ನುಡಿಸ್ತಿದ್ರು ನಮ್ಮ ಅಜ್ಜ. ಸ್ಪರ್ಧೆ ಅರ್ಜಿ ಫಾರಂ ತೆಗೆದು ನೋಡಿ: ಗಾಯನ, ವೀಣೆ, ಪಿಟೀಲು, ಕೊಳಲು, ಮೃದಂಗ. ನಾಗಸ್ವರ ಇಲ್ಲ, ಡೋಲು ಇಲ್ಲ. ಒಂದು ಕಡೆ ನನ್ನ ತಮ್ಮನ ಮಗನನ್ನ ಕರ್ಕೊಂಡು ಹೋಗಿದ್ವಿ. "ಆ ವಿಭಾಗ ಇಲ್ಲ, ಉದ್ಘಾಟನೆಗೆ ನುಡಿಸಿ" ಅಂದ್ರು. ಬಾಗಿಲಲ್ಲಿ ನಿಂತು ನುಡಿಸಿ ಬಂದ ಹುಡುಗ. ಅವನಿಗೆ ಹದಿನೈದು ವರ್ಷ. ಮನೆಗೆ ಬಂದು ಇದನ್ನ ಇನ್ನು ಕಲಿಯಲ್ಲ, ಐಟಿಐಗೆ ಹೋಗ್ತೀನಿ ಅಂದ.

ಉತ್ಸವದಲ್ಲಿ ಯುವಕರಿಗೆ ಮುಕ್ಕಾಲು ಗಂಟೆ ಕೊಡ್ತೀರಾ? ಅದರಲ್ಲಿ ಒಂದು ನಾಗಸ್ವರಕ್ಕೆ ಕೊಡಿ. ವೇದಿಕೆ ಮೇಲೆ, ಜಮಖಾನೆ ಮೇಲೆ ಕೂರಿಸಿ.

ಭದ್ರಾವತಿ ಕೇಳುಗ:
ಖಂಡಿತ ಆಗಬೇಕು. ಆಕಾಶವಾಣಿಯ ಮಂಗಳವಾದ್ಯ ಕೇಳಿ ಬೆಳಿಗ್ಗೆ ಏಳ್ತಿದ್ದ ಮನೆ ನಮ್ಮದು. ರಸಿಕರೇ, ಇದನ್ನ ಬಿಡಬೇಡಿ.

ಸಾಗರದ ತಂಬೂರಿ:
ಬಿಸ್ಮಿಲ್ಲಾ ಖಾನರು ಶೆಹನಾಯಿಯನ್ನ ಬಾಗಿಲಿಂದ ಒಳಗೆ ವೇದಿಕೆಗೆ ತಂದರು. ನಾಗಸ್ವರಕ್ಕೂ ಅಂಥ ಗೌರವ ನಮ್ಮೂರಲ್ಲಿ ನಾವೇ ಕೊಡಬೇಕು.

ಮೋಹನಕಲ್ಯಾಣಿ:
ಎಲ್ಲರಿಗೂ ನಮಸ್ತೆ. ನಾನು ಸೆಕೆಂಡ್ ಪಿಯುಸಿ, ಶಿವಮೊಗ್ಗ. ಸಂಗೀತದ ಸೀನಿಯರ್ ಪರೀಕ್ಷೆ ಆಗಿದೆ, ಅದರ ಮುಂದಿನ ವಿದ್ವತ್ ಪೂರ್ವಕ್ಕೆ ಓದ್ಬೇಕು ಅಂತ ಆಸೆ. "ಎಸ್ಸೆಸ್ಸೆಲ್ಸಿ ಆದ್ಮೇಲೆ ಬಿಡ್ತಾರೆ" ಅಂತ ಎಲ್ಲ ಕಡೆ ಹೇಳ್ತಾರೆ, ಅದಕ್ಕೆ ನಮ್ಮ ಕಡೆಯಿಂದ ಒಂದಿಷ್ಟು ಹೇಳ್ತೀನಿ.

ನಾವು ಬಿಡಲ್ಲ, ಬಿಡಿಸ್ತಾರೆ. ಬೆಳಿಗ್ಗೆ ಕಾಲೇಜಿಗೆ ಮುಂಚೆ ಸಿಇಟಿ, ನೀಟ್ ಕ್ಲಾಸು, ಸಂಜೆ ಮತ್ತೆ ಕ್ಲಾಸು, ಭಾನುವಾರ ಟೆಸ್ಟ್. "ಎರಡು ವರ್ಷ ನಿಲ್ಸು, ಆಮೇಲೆ ಹಾಡಿದ್ರಾಯ್ತು" ಅಂತಾರೆ. ಎರಡು ವರ್ಷ ನಿಲ್ಸಿದ ಫ್ರೆಂಡ್ಸ್ ಯಾರೂ ವಾಪಸ್ ಬಂದಿಲ್ಲ. ಸ್ಪರ್ಧೆಗಳಲ್ಲೂ ನಮ್ಮ ವಯಸ್ಸಿಗೆ ವಿಭಾಗ ಇರಲ್ಲ, ಇದ್ರೂ "15ರ ಮೇಲ್ಪಟ್ಟು" ಅಂತ ಒಂದೇ. ಅಲ್ಲಿ ಮೂವತ್ತು ವರ್ಷದವರ ಜೊತೆ ನಾವು. ಚಿಕ್ಕವರಿದ್ದಾಗ ಎಲ್ಲರೂ ಮುದ್ದು ಮಾಡಿ ಚಪ್ಪಾಳೆ ಹೊಡೀತಾರೆ. ಹದಿನಾರಕ್ಕೆ ಬಂದಾಗ ಯಾರೂ ಕರೆಯಲ್ಲ, ದೊಡ್ಡ ಕಛೇರಿ ಮಾಡೋಷ್ಟು ನಾವಿನ್ನೂ ಬೆಳೆದಿರಲ್ಲ. ಹುಡುಗರಿಗೆ ಇನ್ನೂ ಕಷ್ಟ. ಧ್ವನಿ ಒಡೆದು ಶ್ರುತಿ ಇಳಿಸ್ಕೋಬೇಕಾದ ಸಮಯ ಅದು, ಆಗಲೇ ನಿಲ್ಸಿಬಿಡ್ತಾರೆ.

ರಸಿಕ ಅಂಕಲ್, ನೀವು ಕಛೇರಿ ಕೊಡೋದಾದ್ರೆ 16ರಿಂದ 20ರವರಿಗೆ ಕೊಡಿ. ಒಂದು ತಾರೀಕು ಮುಂದೆ ಇದೆ ಅಂದ್ರೆ ಮನೆಯಲ್ಲಿ ಒಂದು ಗಂಟೆ ಸಾಧನೆಗೆ ಬಿಡ್ತಾರೆ.

ಶಿವಮೊಗ್ಗದ ಅಮ್ಮ:
ಓದಿ ಮನಸ್ಸಿಗೆ ತಟ್ಟಿತು ಪುಟ್ಟ. ನನ್ನ ಮಗಳು ಈ ವಯಸ್ಸಿಗೆ ಬಂದಾಗ ನಾನೂ "ನಿಲ್ಸು" ಅಂತೀನೇನೋ ಅಂತ ಭಯ ಆಯ್ತು. ನೀನು ಹೇಳಿದ ಹಾಗೆ ದೊಡ್ಡ ಮಕ್ಕಳಿಗೆ ಕಛೇರಿ ಕೊಡಲಿ, ನಾನು ಒಪ್ತೀನಿ. ಸಣ್ಣವರಿಗೆ ಸ್ಪರ್ಧೆ ಬೇಕು ಅನ್ನೋದನ್ನ ಮಾತ್ರ ಬಿಡಲ್ಲ.

ಬೆಂಗಳೂರಲ್ಲಿರೋ ಮಲೆನಾಡಿಗ:
ಈ ಹುಡುಗಿ ಹೇಳಿದ್ದಕ್ಕೆ ಮದ್ರಾಸಲ್ಲಿ ದಾರಿ ಮಾಡಿದ್ದಾರೆ. ಡಿಸೆಂಬರ್ ಸಂಗೀತ ಸೀಸನ್‌ನಲ್ಲಿ ಸಭೆಗಳು (ಸಂಗೀತ ಸಂಸ್ಥೆಗಳು) ಮಧ್ಯಾಹ್ನದ ಹೊತ್ತನ್ನ ಕಿರಿಯರಿಗೆ ಇಡ್ತವೆ. 1928ರಲ್ಲಿ ಶುರುವಾದ ಮ್ಯೂಸಿಕ್ ಅಕಾಡೆಮಿಯಲ್ಲೂ ಹಾಗೇ, ಮಧ್ಯಾಹ್ನ ಟಿಕೆಟ್ ಇಲ್ಲ. ಸಂಜೆ ಹಾಡೋ ದೊಡ್ಡವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಮಧ್ಯಾಹ್ನ ಹಾಡಿದವರೇ. ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಉತ್ಸವ 1939ರಿಂದ ನಡೀತಿದೆ. ಚಪ್ಪರದ ಕೆಳಗೆ ಕೂತು ಎರಡು ತಲೆಮಾರು ಕೇಳೋದನ್ನ ಕಲಿತಿದೆ. ಕೇಳೋರು ತಯಾರಾಗದೆ ಹಾಡೋರು ಉಳಿಯಲ್ಲ.

ಹತ್ತಿರದ ಉದಾಹರಣೆ ಬೇಕಂದ್ರೆ ರುದ್ರಪಟ್ಟಣ ನೋಡಿ. ಒಂದು ಹಳ್ಳಿ, ಅದರಿಂದ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರು, ಇನ್ನೂ ಎಷ್ಟೋ ಜನ. ಅಲ್ಲಿ ವರ್ಷಕ್ಕೊಮ್ಮೆ ಸಂಗೀತೋತ್ಸವ ಮಾಡ್ತಾರೆ, ತಂಬೂರಿ ಆಕಾರದ ದೇವಸ್ಥಾನ ಕಟ್ಟಿದ್ದಾರೆ. ನಮ್ಮ ಮಲೆನಾಡಿನ ಊರಿಗೆ ಆಗಿದ್ದು ಎಲ್ಲ ಊರಿಗೂ ಆಗಬಹುದು.

ಹೊಸನಗರ ಮಳೆ:
ರುದ್ರಪಟ್ಟಣ ಮಲೆನಾಡಲ್ಲ ಮಾರಾಯ್ರೇ, ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕು. ಕಾವೇರಿ ದಂಡೆ.

ಬೆಂಗಳೂರಲ್ಲಿರೋ ಮಲೆನಾಡಿಗ:
ಉದಾಹರಣೆ ಎಲ್ಲಿದಾದ್ರೇನು, ಕೆಲಸ ನೋಡಿ.

ಎರಡನೇ ಕಾಲ:
ಉತ್ಸವ ಅಂದಾಗ ಕಾಲದ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಮಾತ್ರ ಇಡಬೇಡಿ. ಗಣಪತಿ ಹಬ್ಬದ ಕಾರ್ಯಕ್ರಮಕ್ಕೆ ಆಗುಂಬೆ ಕಡೆ ಹೋದಾಗೆಲ್ಲ ಮೃದಂಗ ಅಳುತ್ತೆ. ಚರ್ಮ ತೇವ ಹೀರ್ಕೊಂಡು ಸಡಿಲ, ಬಲಗಡೆ ಎಷ್ಟು ಬಡಿದು ಏರಿಸಿದ್ರೂ ಒಂದು ಕೃತಿ ಮುಗಿಯೋದ್ರೊಳಗೆ ಇಳಿದಿರುತ್ತೆ. ಎಡಗಡೆಗೆ ಹಚ್ಚಿದ ರವೆ ಒಣಗೋದೇ ಇಲ್ಲ. ಒಲೆ ಹತ್ತಿರ ಇಟ್ಟು ಬಿಸಿ ಮಾಡ್ತಾರೆ ಕೆಲವರು, ಅದರಿಂದ ಕರಣೆ (ಬಲಗಡೆಯ ಕಪ್ಪು ಲೇಪ) ಬಿರುಕು ಬಿಡುತ್ತೆ. ಪುಷ್ಯ ಮಾಸ ಒಳ್ಳೆ ಕಾಲ, ಚಳಿ ಇರುತ್ತೆ, ಗಾಳಿ ಒಣಗಿರುತ್ತೆ.

ಒಂದೇ ತೊಂದರೆ. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಅದಾಗಿ ಹತ್ತು ದಿನಕ್ಕೆ ಅಮಾವಾಸ್ಯೆ. ಆ ಹತ್ತು ದಿನ ಪಕ್ಕವಾದ್ಯದವರೆಲ್ಲ ಓಡಾಟದಲ್ಲಿರ್ತಾರೆ. ಈಗಲೇ ಹೇಳಿಡಿ.

ಕೊಪ್ಪದ ಮೇಷ್ಟ್ರು:
ಅಡಿಕೆ ಕೊಯ್ಲೂ ಪೂರ್ತಿ ಮುಗಿದಿರಲ್ಲ ಆಗ. ಕೆಲವು ಮನೆಯಲ್ಲಿ ಬೇಯಿಸೋದು, ಒಣಗಿಸೋದು ನಡೀತಿರುತ್ತೆ. ಹಗಲು ಹೊತ್ತಲ್ಲಿ ದೊಡ್ಡವರು ಬರೋದು ಕಷ್ಟ ಅಂತ ಲೆಕ್ಕ ಇಟ್ಕೊಳ್ಳಿ.

ಭದ್ರಾವತಿ ಕೇಳುಗ:
ಸ್ಪರ್ಧೆ ಉಳಿಸ್ಕೊಳ್ಳೋದಾದ್ರೆ ತೀರ್ಪಿನ ಬಗ್ಗೆ ಒಂದು ಸಲಹೆ. ಅಂಕ ಕೂಡಿಸಿ ಮೂರು ಹೆಸರು ಓದಿಬಿಡ್ತಾರೆ, ಉಳಿದ ಮಕ್ಕಳಿಗೆ ತಾವು ಎಲ್ಲಿ ಎಡವಿದ್ವಿ ಅಂತ ಗೊತ್ತೇ ಆಗಲ್ಲ. ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ. "ಕಲ್ಯಾಣಿ ರಾಗದಲ್ಲಿ ಮಧ್ಯಮ ಇಳೀತಿದೆ, ತಂಬೂರಿ ಇಟ್ಕೊಂಡು ದೀರ್ಘವಾಗಿ ಹಿಡಿ." "ಚರಣದಲ್ಲಿ ಕಾಲಪ್ರಮಾಣ (ವೇಗ) ಓಡಿತು." ಎರಡು ಸಾಲು ಸಾಕು. ಆ ಚೀಟಿ ನೋಡಿ ಮನೆ ಗುರುಗಳೂ ತಿದ್ದಬಹುದು. ತೀರ್ಪುಗಾರರ ಶಿಷ್ಯರು ಸ್ಪರ್ಧೆಯಲ್ಲಿದ್ರೆ ಅವರು ಆ ವಿಭಾಗಕ್ಕೆ ಕೂರಬಾರದು ಅನ್ನೋದನ್ನೂ ಮೊದಲೇ ಬರೆದಿಡಿ. ಇದೊಂದೇ ಕಾರಣಕ್ಕೆ ಎಷ್ಟೋ ಕಡೆ ಊರೊಳಗೆ ಮಾತು ಬಿಟ್ಟಿದ್ದಾರೆ.

ಶಿವಮೊಗ್ಗದ ಅಮ್ಮ:
ಈ ಚೀಟಿ ಸಲಹೆಗೆ ನನ್ನ ಎರಡೂ ಕೈ. ಬೇರೆ ಊರಿನ ಒಂದು ಸ್ಪರ್ಧೆಯಲ್ಲಿ ಪ್ರ‌ವೇಶ ಶುಲ್ಕ ತಗೊಂಡು, ಮೂರು ನಿಮಿಷಕ್ಕೆ ಗಂಟೆ ಹೊಡೆದು, "ಮುಂದಿನವರು" ಅಂದ್ರು. ಮಗಳು ದಾರಿಯುದ್ದಕ್ಕೂ "ಅಮ್ಮ ಏನು ತಪ್ಪಾಯ್ತು" ಅಂತ ಕೇಳ್ತಾನೇ ಇದ್ಲು. ನನಗೆ ಸಂಗೀತ ಬರಲ್ಲ, ಏನಂತ ಹೇಳಲಿ?

ಸಾಗರದ ತಂಬೂರಿ:
ಇನ್ನೊಂದು ಮುಖ್ಯ. ಪಕ್ಕವಾದ್ಯದವರಿಗೆ ಸರಿಯಾದ ಸಂಭಾವನೆ ಕೊಡಿ. "ಮಕ್ಕಳ ಕಾರ್ಯಕ್ರಮ, ಸೇವೆ ಅಂತ ನುಡಿಸಿ" ಅನ್ನೋದು ಎಲ್ಲ ಕಡೆ ರೂಢಿ ಆಗಿದೆ. ಊರಲ್ಲಿ ತಬಲಾ, ಪಿಟೀಲು ನುಡಿಸಿ ಬದುಕಬಹುದು ಅಂತ ಕಂಡರೆ ತಾನೇ ಮುಂದಿನ ಹುಡುಗ ಕಲಿಯೋದು? ಇಲ್ಲಾಂದ್ರೆ ಎಲ್ಲರೂ ಜನಶತಾಬ್ದಿ ರೈಲು ಹತ್ತಿ ಬೆಂಗಳೂರು ಸೇರ್ತಾರೆ.

ಎರಡನೇ ಕಾಲ:
ನಾನೇ ಹೇಳಿದ್ರೆ ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ. ಧನ್ಯವಾದ.

ತೀರ್ಥಹಳ್ಳಿ ರಸಿಕ:
ನಿನ್ನೆ ಸಮಿತಿ ಸಭೆ ಆಯ್ತು. ಇಲ್ಲಿಯ ಮಾತೆಲ್ಲ ಓದಿ ಹೇಳಿದೆ, ಮೋಹನಕಲ್ಯಾಣಿ ಬರೆದಿದ್ದನ್ನ ಪೂರ್ತಿ ಓದಿದೆ. ಅದಾದ ಮೇಲೆ ವಾದ ಜಾಸ್ತಿ ಆಗಲಿಲ್ಲ. ನಿರ್ಧಾರ ಹೀಗಿದೆ.

ಹದಿನೈದರ ಒಳಗಿನವರಿಗೆ ಸ್ಪರ್ಧೆ ಇರುತ್ತೆ, ಬೆಳಿಗ್ಗೆ ಹತ್ತೂವರೆಗೆ ಮುಗೀಬೇಕು, ಎರಡು ಕೋಣೆಯಲ್ಲಿ ಒಟ್ಟಿಗೆ ನಡೆಸ್ತೀವಿ. ಫಲಕ ಇಲ್ಲ. ಪ್ರತಿ ಮಗುವಿಗೂ ತೀರ್ಪುಗಾರರ ಚೀಟಿ. ಅಲ್ಲಿಂದ ಮಧ್ಯಾಹ್ನ ಎರಡರವರೆಗೆ, ಊಟದ ಹೊತ್ತು ಬಿಟ್ಟು, 16ರಿಂದ 20ರವರ ಮೂರು ಕಛೇರಿ, ಪಿಟೀಲು ಮೃದಂಗದ ಜೊತೆ. ನಾಲ್ಕನೇದು ನಾಗಸ್ವರಕ್ಕೆ, ವೇದಿಕೆ ಮೇಲೆ. ವಿದ್ವಾಂಸರ ಕಛೇರಿಯನ್ನ ಮೂರು ಗಂಟೆಗೆ ತಂದಿದ್ದೀವಿ, ಐದೂಮುಕ್ಕಾಲಿಗೆ ಮಂಗಳ. ಶಿವಮೊಗ್ಗ, ಕೊಪ್ಪ ಎರಡೂ ಕಡೆ ಬಸ್ ಸಿಗುತ್ತೆ. ಬಹುಮಾನ ಮಂಗಳ ಆದ ಮೇಲೆ. ಪಕ್ಕವಾದ್ಯದವರ ಸಂಭಾವನೆ ದೊಡ್ಡ ಕಛೇರಿಯವರಿಗೆ ಕೊಡೋ ಲೆಕ್ಕದಲ್ಲೇ.

ಮೇಷ್ಟ್ರೇ, ಶಾಲೆ ಪಾಠಕ್ಕೆ ಒಬ್ಬ ಟೀಚರ್ ಒಪ್ಪಿದ್ದಾರೆ, ಈ ವರ್ಷ ಒಂದು ಶಾಲೆ ಮಾತ್ರ. ಗಮಕಕ್ಕೆ ಈ ಸಲ ಸಮಯ ಹೊಂದಿಸೋಕೆ ಆಗಲಿಲ್ಲ.

ಗಮಕಪ್ರೇಮಿ:
ಮುಂದಿನ ವರ್ಷಕ್ಕೆ ಈಗಲೇ ಬರೆದಿಟ್ಕೊಳ್ಳಿ. ನಾನು ಬಿಡೋನಲ್ಲ.

ಕೊಪ್ಪದ ಮೇಷ್ಟ್ರು:
ಒಂದು ಶಾಲೆ ಆದ್ರೂ ಶುರುವಾಯ್ತಲ್ಲ. ಹಾಸ್ಟೆಲ್ ಹುಡುಗಿಗೆ ಆ ಟೀಚರ್ ನಂಬರ್ ಕೊಡಬಹುದಾ, ಖಾಸಗಿಯಾಗಿ ಕಳಿಸಿ.

ಮೋಹನಕಲ್ಯಾಣಿ:
ನನ್ನ ಹೆಸರು ಬರ್ಕೊಳ್ಳಿ ಅಂಕಲ್! ಗಾಯನ, ಐದೂವರೆ ಶ್ರುತಿ. ಅಪ್ಪ ಒಪ್ಪಿದ್ದಾರೆ, ಪ್ರಿಪರೇಟರಿ ಪರೀಕ್ಷೆ ತಾರೀಕು ಅಡ್ಡ ಬರದಿದ್ರೆ ಅಂತ. ಹದಿನಾಲ್ಕು ಎಣಿಕೆಯ ಅಟತಾಳ ವರ್ಣದಿಂದ ಶುರು ಮಾಡಬಹುದಾ? ಮುಖ್ಯ ಕೃತಿ ಮಿಶ್ರಛಾಪು ಹಾಡಲಾ, ಆದಿತಾಳವೇ ಇರಲಾ ಅಂತ ಗೊಂದಲ.

ಎರಡನೇ ಕಾಲ:
ಅಟತಾಳ ವರ್ಣ ಎರಡು ಕಾಲದಲ್ಲಿ (ಎರಡು ವೇಗದಲ್ಲಿ) ಹಾಡಿದ್ರೆ ಮುಕ್ಕಾಲು ಗಂಟೆಯಲ್ಲಿ ಬಹಳ ಸಮಯ ತಿನ್ನುತ್ತೆ. ಆದಿತಾಳ ವರ್ಣ ಹಾಡಮ್ಮ, ಮುಖ್ಯ ಕೃತಿ ಮಿಶ್ರಛಾಪು ಇರಲಿ, ಒಂದು ಸಣ್ಣ ತನಿ (ಮೃದಂಗ ಒಂದೇ ನುಡಿಸೋ ಭಾಗ) ನನಗೂ ಸಿಗಲಿ. ಡಿಸೆಂಬರ್ ರಜೆಯಲ್ಲಿ ಪಿಟೀಲಿನವರನ್ನೂ ಕರೆದು ನಮ್ಮ ಮನೆಯಲ್ಲಿ ಒಟ್ಟಿಗೆ ಕೂರೋಣ, ಅಮ್ಮನ ಜೊತೆ ಬಾ.

ಓಲಗದ ಮನೆ:
ತಮ್ಮನ ಮಗನಿಗೆ ಹೇಳಿದೆ. ಡೋಲಿಗೆ ಅವನ ಚಿಕ್ಕಪ್ಪನೇ ಕೂರ್ತಾನೆ. ರಸಿಕರೇ, ನಾಗಸ್ವರಕ್ಕೆ ಮೈಕ್ ಹತ್ತಿರ ಇಡಬೇಡಿ ಅಂತ ಸೌಂಡಿನವರಿಗೆ ಈಗಲೇ ಹೇಳಿ, ಡೋಲಿಗಂತೂ ಬೇಡವೇ ಬೇಡ. ಸಂಕೀರ್ತನೆಗೂ ನಾವೇ ಮುಂದೆ ನುಡಿಸ್ತೀವಿ, ಎಷ್ಟು ಗಂಟೆಗೆ ಹೊರಡೋದು ತಿಳಿಸಿ.